ರಾಸಾಯನಿಕ ಸಮೀಕರಣ: ಭಾಷಾಧ್ಯಾಪಕನೊಬ್ಬನ ಅರಿಕೆ

ಛಂದಸ್ಸು, ವ್ಯಾಕರಣಗಳ ಪಾಠ ಹೇಳುತ್ತ ತಲೆ ನರೆಸಿಕೊಂಡ ನಾನು ರಸಾಯನಶಾಸ್ತ್ರದ ವಿಷಯವಾಗಿ ಲೇಖನಿ ಹಿಡಿದುದನ್ನು ಕಂಡು ವಾಚಕ ಮಹಾಶಯರು ಸೋಜಿಗಪಡಬಹುದು. ಇದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ನಿವೇದಿಸಿಕೊಂಡೇ ಮುಂದುವರಿಯುತ್ತೇನೆ.

ಒಮ್ಮೆ ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದಾಗ ಹತ್ತನೆಯ ತರಗತಿಯನ್ನು ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಿತು. ಜಲಜನಕವೂ ಆಮ್ಲಜನಕವೂ ಕೂಡಿ ನೀರಾಗುವ ಸಮೀಕರಣವನ್ನು ಸರಿದೂಗಿಸುವುದು ಅಂದಿನ ಅಭ್ಯಾಸ. ಎಡಗಡೆ ಎರಡೆರಡು ಪರಮಾಣುಗಳು. ಬಲಗಡೆಯ ನೀರಿನಲ್ಲಿ ಜಲಜನಕ ಎರಡು, ಆಮ್ಲಜನಕ ಒಂದೇ. ಹುಡುಗನೊಬ್ಬನು ನೀರಿನ ಸೂತ್ರದಲ್ಲಿ ಆಮ್ಲಜನಕದ ಕೆಳಗೊಂದು ‘2’ ಬರೆದು, “ಗುರುಗಳೇ, ಎರಡೂ ಕಡೆ ಸರಿಹೋಯಿತು” ಎಂದನು. ನಾನು ಎಣಿಸಿ ನೋಡಿ, ಭಲೆ ಎಂದು ಬೆನ್ನು ತಟ್ಟಿದೆನು. ಪರೀಕ್ಷೆಯಲ್ಲಿಯೂ ಹಾಗೆಯೇ ಬರೆದು ಅವನು ಅಂಕ ಕಳೆದುಕೊಂಡನು.

ಅವನ ಪರವಾಗಿ ವಾದಿಸಲು ಹೋದ ನನಗೆ ಅಧ್ಯಾಪಕರು ಹೇಳಿದರು: “ಪಂಡಿತರೇ, ಅವನು ಬರೆದದ್ದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಬಟ್ಟೆಯ ಬಣ್ಣ ತೆಗೆಯುವ ವಸ್ತು. ಅದನ್ನು ಕುಡಿಯಲಾದೀತೆ?”

ಆಗ ನನ್ನ ಶಾಸ್ತ್ರವೇ ನನ್ನ ಕಣ್ಣು ತೆರೆಯಿಸಿತು. ಮಾತ್ರೆ ಸಾಲದೆಂದು ‘ಮರ’ವನ್ನು ‘ಮಾರ’ ಮಾಡಿದರೆ ಎರಡು ಮಾತ್ರೆ ಮೂರಾಗಿ ಗಣವೇನೋ ತುಂಬೀತು. ಆದರೆ ವೃಕ್ಷ ಹೋಗಿ ಮನ್ಮಥ ಬಂದು ನಿಲ್ಲುತ್ತಾನೆ! ಸೂತ್ರದೊಳಗಿನ ಅಂಕೆಯು ವಸ್ತುವಿನ ಸ್ವರೂಪ, ಅದನ್ನು ಮುಟ್ಟಕೂಡದು. ನಮಗಿರುವ ಸ್ವಾತಂತ್ರ್ಯ ಸೂತ್ರದ ಎಡಕ್ಕೆ ಬರೆಯುವ ಸಹಗುಣಕದಲ್ಲಿ ಮಾತ್ರ. ಅದು ಅಣುಗಳ ಎಣಿಕೆ. ಎರಡು ಅಣು ಜಲಜನಕ, ಒಂದು ಅಣು ಆಮ್ಲಜನಕ ಕೂಡಿದರೆ ಎರಡು ಅಣು ನೀರು. ಈಗ ಎರಡೂ ಕಡೆ ಜಲಜನಕ ನಾಲ್ಕು, ಆಮ್ಲಜನಕ ಎರಡು.

ಈ ನಿರ್ಬಂಧಕ್ಕೆ ಆಧಾರ ದ್ರವ್ಯ ಸಂರಕ್ಷಣೆಯ ನಿಯಮ. ಫ್ರಾನ್ಸಿನ ಲವಾಸಿಯೆ ಮುಚ್ಚಿದ ಪಾತ್ರೆಗಳಲ್ಲಿ ಪ್ರಯೋಗ ನಡೆಸಿ, ತೂಗಿ ನೋಡಿ, 1789ರ ತನ್ನ ಗ್ರಂಥದಲ್ಲಿ ಇದನ್ನು ಸ್ಪಷ್ಟಪಡಿಸಿದನು. ನಮ್ಮ ಸಂಧಿಕಾರ್ಯದಲ್ಲಿ ಲೋಪ, ಆಗಮ, ಆದೇಶಗಳುಂಟು. ಅಕ್ಷರ ಅಳಿಯುತ್ತದೆ, ಹೊಸದು ಬರುತ್ತದೆ, ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲುತ್ತದೆ. ರಾಸಾಯನಿಕ ಕ್ರಿಯೆಯಲ್ಲಿ ಪರಮಾಣುಗಳಿಗೆ ಈ ಮೂರೂ ಇಲ್ಲ. ಬದಲಾಗುವುದು ಅವುಗಳ ಕೂಟ ಮಾತ್ರ.

ಅಡುಗೆಮನೆಯ ಅನಿಲದಲ್ಲಿರುವ ಪ್ರೊಪೇನನ್ನು ತೆಗೆದುಕೊಳ್ಳೋಣ. ಅದರ ಒಂದು ಅಣುವಿನಲ್ಲಿ ಇಂಗಾಲ 3, ಜಲಜನಕ 8. ಪೂರ್ಣವಾಗಿ ಉರಿದಾಗ ಇಂಗಾಲದ ಡೈಆಕ್ಸೈಡೂ ನೀರೂ ಆಗುತ್ತವೆ. ಮೊದಲು ಇಂಗಾಲ: ಡೈಆಕ್ಸೈಡಿನ ಅಣು 3. ಬಳಿಕ ಜಲಜನಕ: ನೀರಿನ ಅಣು 4. ಒಂಟಿಯಾಗಿರುವ ಆಮ್ಲಜನಕವನ್ನು ಕೊನೆಗೆ ಇಟ್ಟುಕೊಳ್ಳಬೇಕು: ಬಲಗಡೆ ಆರೂ ನಾಲ್ಕೂ ಸೇರಿ ಹತ್ತು ಪರಮಾಣು, ಆದುದರಿಂದ ಎಡಗಡೆ 5 ಅಣು. ತೂಕದಿಂದ ತಾಳೆ ನೋಡಿದರೆ, ಎಡಗಡೆ 44 ಮತ್ತು 160, ಬಲಗಡೆ 132 ಮತ್ತು 72, ಎರಡೂ 204. ಗಾಳಿ ಸಾಲದಿದ್ದರೆ ಇದೇ ಇಂಗಾಲ ವಿಷಾನಿಲವಾದ ಮಾನಾಕ್ಸೈಡ್ ಆಗುತ್ತದೆ. ಆ ಸಮೀಕರಣವನ್ನೂ ಸರಿದೂಗಿಸಬಹುದು. ಲೆಕ್ಕ ಸರಿಯಾದ ಮಾತ್ರಕ್ಕೆ ಸಂಗತಿ ಒಂದೇ ಆಗದು. ಯಾವುದು ನಡೆಯಿತೆಂಬುದನ್ನು ಪ್ರಯೋಗವೇ ಹೇಳಬೇಕು.

ನಾನು ಆ ಹುಡುಗನನ್ನು ಕರೆದು, ಇಡೀ ತರಗತಿಯೆದುರು, “ತಪ್ಪು ನನ್ನದಪ್ಪಾ” ಎಂದೆನು. ಅವನು ತಲೆ ತಗ್ಗಿಸಿ, “ಇರಲಿ ಬಿಡಿ ಗುರುಗಳೇ” ಎಂದನು. ಅಂದಿನಿಂದ ಸಹೋದ್ಯೋಗಿಗಳಲ್ಲಿ ನನ್ನದೊಂದೇ ಬಿನ್ನಹ: ಎಣಿಸುವ ಮುನ್ನ ಸಮೀಕರಣವನ್ನು ವಿದ್ಯಾರ್ಥಿಯಿಂದ ಕನ್ನಡ ವಾಕ್ಯವಾಗಿ ಓದಿಸಿರಿ. ಯಾವ ವಸ್ತು ಯಾವುದರೊಡನೆ ಕೂಡಿ ಏನಾಯಿತೆಂದು ಬಾಯಿಬಿಟ್ಟು ಹೇಳಬಲ್ಲವನು ನೀರಿನ ಸೂತ್ರವನ್ನು ಕೆಡಿಸಲಾರನು. ಈ ಬರಹದಲ್ಲಿ ಕುಂದುಗಳಿದ್ದರೆ ಬಲ್ಲವರು ತಿದ್ದಬೇಕಾಗಿ ಪ್ರಾರ್ಥನೆ.