ಮಂಟೇಸ್ವಾಮಿ ಕಾವ್ಯ: ಮೊದಲ ಸಲ ಕೇಳುವವರಿಗೆ

ಮಂಟೇಸ್ವಾಮಿ ಎಂಬ ಸಂತರ ಕಥೆ ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಪುಸ್ತಕದಿಂದ ಶುರು ಮಾಡಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಒಳ್ಳೆಯ ಸಂಪಾದಿತ ಪಠ್ಯಗಳಿವೆ, ಅವು ಆಮೇಲೆ ಬೇಕಾಗುತ್ತವೆ. ಮೊದಲು ಕಿವಿಗೆ ಬೀಳಲಿ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಇದನ್ನು ಹಾಡುವವರು ಮಂಟೇಸ್ವಾಮಿ ಪರಂಪರೆಯ ದೀಕ್ಷೆ ಪಡೆದ ನೀಲಗಾರರು. ಮುಖ್ಯ ಹಾಡುಗಾರರ ಬಳಿ ತಂಬೂರಿ, ಗಗ್ಗರ. ಜೊತೆಗೆ ತಾಳ, ಡಮಡಿ ಹಿಡಿದ ಹಿಮ್ಮೇಳ. ಒಂದಿಷ್ಟು ಹಾಡಾಗುತ್ತದೆ, ಹಿಮ್ಮೇಳ ಸೊಲ್ಲು ಹಿಡಿಯುತ್ತದೆ, ಹಾಡು ನಿಂತು ಕಥೆ ಮಾತಿನಲ್ಲಿ ಮುಂದೆ ಸಾಗುತ್ತದೆ. ಹೀಗೇ ಬೆಳಗಿನವರೆಗೆ.

ಕಾವ್ಯ ಸಾಲು ಸಾಲಾಗಿ ವಿಂಗಡವಾಗಿದೆ; ಸಾಲು ಎಂದರೆ ಕಥೆಯ ಒಂದು ಭಾಗ. ಸೃಷ್ಟಿಯ ಸಾಲು ಮೊದಲಿನದು. ಆದರೂ ಹೊಸಬರಿಗೆ ನಾನು ಹೇಳುವುದು ಕಲ್ಯಾಣದ ಸಾಲು.

ಬಸವಣ್ಣನ ಕಲ್ಯಾಣದಲ್ಲಿ 1,96,000 ಜಂಗಮರಿಗೆ ದಾಸೋಹ ನಡೆದಿದೆ. ಅಲ್ಲಿಯ ಶರಣರನ್ನು ಒರೆಗೆ ಹಚ್ಚಿ ನೋಡಬೇಕೆಂದು ಮಂಟೇಸ್ವಾಮಿ ಹೊರಡುತ್ತಾರೆ. ಹೋಗುವುದು ಹೇಗೆ? ಮೈತುಂಬ ಕುಷ್ಠ, ಕೀವು, ನೊಣ, ಹತ್ತಿರ ಸುಳಿಯಲಾಗದ ನಾತ. ಬಾಗಿಲಲ್ಲೇ ತಡೆಯುತ್ತಾರೆ, ಹೊಡೆಯುತ್ತಾರೆ, ತಿಪ್ಪೆಗೆ ನೂಕುತ್ತಾರೆ. ಗುರುತು ಹಿಡಿಯುವವರು ಬಸವಣ್ಣ, ಅವರ ಹೆಂಡತಿ ನೀಲಮ್ಮ. ಉಳಿದ ಅಷ್ಟೂ ಜನ ಪರೀಕ್ಷೆಯಲ್ಲಿ ಬೀಳುತ್ತಾರೆ.

ಇಲ್ಲಿ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಬಸವಣ್ಣ 12ನೇ ಶತಮಾನದವರು, ಮಂಟೇಸ್ವಾಮಿಯನ್ನು ವಿದ್ವಾಂಸರು ಎಷ್ಟೋ ಕಾಲದ ನಂತರ ಇಡುತ್ತಾರೆ, ಭೇಟಿ ಆದದ್ದಾದರೂ ಎಲ್ಲಿ? ನ್ಯಾಯವಾದ ಪ್ರಶ್ನೆಯೇ. ಆದರೆ ಹಾಡುವವರ ಲೆಕ್ಕ ಬೇರೆ. ನೀಲಗಾರರಲ್ಲಿ ಹೆಚ್ಚಿನವರು ಊರಾಚೆ ಇಟ್ಟ ಸಮುದಾಯಗಳವರು. ಜಾತಿ ಬಿಟ್ಟೆವು ಎಂದವರ ಬಾಗಿಲಿಗೆ ನಮ್ಮವನೊಬ್ಬ ಬಂದಿದ್ದರೆ ಒಳಗೆ ಬಿಡುತ್ತಿದ್ದಿರಾ ಎಂದು ಅವರು ಕೇಳುತ್ತಿದ್ದಾರೆ. ಬಸವಣ್ಣನನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಕಲ್ಯಾಣದ ಮೇಲೆ ಅಷ್ಟು ಆಸೆ ಇಟ್ಟವರಿಗಷ್ಟೇ ಇಂಥ ಸಿಟ್ಟು ಬರಲು ಸಾಧ್ಯ. ನನ್ನ ಮಟ್ಟಿಗೆ ಕನ್ನಡದ ಅಧ್ಯಾತ್ಮ ತನ್ನನ್ನು ತಾನೇ ಇಷ್ಟು ನಿಷ್ಠುರವಾಗಿ ಪರೀಕ್ಷಿಸಿಕೊಂಡ ಜಾಗ ಇನ್ನೊಂದಿಲ್ಲ. ವಚನ ಓದಿದವರೆಲ್ಲ ಇದನ್ನೂ ಕೇಳಲೇಬೇಕು.

ಆಮೇಲೆ ಸಿದ್ದಪ್ಪಾಜಿ ಸಾಲು. ನಿಡಘಟ್ಟದ ಪಾಂಚಾಳರ ಮನೆಯ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಷ್ಯನಾಗಿ ಬೇಡುತ್ತಾರೆ, ಪಡೆಯುತ್ತಾರೆ. ಮುಂದೆ ಸಿದ್ದಪ್ಪಾಜಿಯಾದ ಅವನನ್ನೇ ಹಲಗೂರಿಗೆ, ಕಬ್ಬಿಣದ ಕೆಲಸ ಮಾಡುವ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾರೆ. ತನ್ನ ಕುಲದವರ ಮುಂದೆಯೇ ಜೋಳಿಗೆ ಒಡ್ಡುವ ಆ ಭಾಗವನ್ನು ಅವಸರದಲ್ಲಿ ಕೇಳಬೇಡಿ.

ಮಳವಳ್ಳಿ ಮಹದೇವಸ್ವಾಮಿಯವರ ಧ್ವನಿಮುದ್ರಣಗಳು ಸಿಗುತ್ತವೆ. ಎದುರಿಗೇ ಕೂತು ಕೇಳುವ ಮನಸ್ಸಿದ್ದರೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿಗೆ ಹೋಗಿ. ಸಿದ್ದಪ್ಪಾಜಿಯ ಜಾತ್ರೆ ಸಾಮಾನ್ಯವಾಗಿ ಜನವರಿಯ ಹುಣ್ಣಿಮೆಗೆ ಶುರುವಾಗುತ್ತದೆ. ಚಳಿ ಇರುತ್ತದೆ, ಕಂಬಳಿ ಒಯ್ಯಿರಿ. ತಂಬೂರಿಯ ಸದ್ದು ಬರುವ ಕಡೆ ಹೋಗಿ ಕುಳಿತು, ಕಲ್ಯಾಣದ ಸಾಲು ಹಾಡ್ತೀರಾ ಎಂದು ಕೇಳಿ.