400 ಅಡಿ ವೇಗವೂ ನನ್ನ ಷಡ್ಡಕನೂ

ಓಹಾಯೋದಲ್ಲಿ ಕ್ರಾಸ್‌ಬೋ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ರಾಚುವುದು ಒಂದು ಸಂಖ್ಯೆ. ಬಾಣ ಸೆಕೆಂಡಿಗೆ ಎಷ್ಟು ಅಡಿ ಹೋಗುತ್ತದೆ ಎನ್ನುವ ಸಂಖ್ಯೆ. 330 ಅಂದರೆ ಅದು ಮೂಲೆಯಲ್ಲಿ ನೇತಾಡುತ್ತಿರುತ್ತದೆ. 400 ದಾಟಿದರೆ ಗಾಜಿನ ಹಿಂದೆ. 450 ದಾಟಿತೋ, ಮಾರುವವನ ದನಿಯೇ ಬೇರೆಯಾಗುತ್ತದೆ. ಆ ಸಂಖ್ಯೆಗೆ ಮರುಳಾಗಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮರುಳಾದವನು ನಾನಲ್ಲ, ನನ್ನ ಷಡ್ಡಕ. ಬಿಲ್ಲಿಗೆ ಹಾಕಿದ ದುಡ್ಡಿನಲ್ಲಿ ಅರ್ಧ ನನ್ನದು, ಆಯ್ಕೆ ಪೂರ್ತಿ ಅವನದು. ಹೆಂಡತಿಯ ತಂಗಿಯ ಗಂಡ; ಬೇಡ ಅನ್ನುವುದು ಹೇಗೆ?

ಊರಿನಲ್ಲಿ ಕೂತು ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇದು ಅಲ್ಲಿ ಮಾಡುವ ಕೆಲಸವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮ ತೀರ್ಥಹಳ್ಳಿ ಕಡೆಯ ಶಿಕಾರಿ ಕತೆಯಾಗಿ ಉಳಿಯಿತು, ಅಜ್ಜನ ಕೇಪಿನ ಕೋವಿ ಅಟ್ಟ ಸೇರಿತು. ಆಗಿದ್ದು ಒಳ್ಳೆಯದೇ. ಇಲ್ಲಿನ ಲೆಕ್ಕ ಬೇರೆ. ಹೊಸಬರು ಬೇಟೆಯ ಪಾಠ ಕಲಿತು ಪರೀಕ್ಷೆ ಪಾಸಾಗಬೇಕು, ಲೈಸೆನ್ಸ್ ತೆಗೆಸಬೇಕು, ಜಿಂಕೆಗೆ ಬೇರೆ ಪರ್ಮಿಟ್ ಮಾಡಿಸಬೇಕು, ಬೇರೆಯವರ ಜಮೀನಾದರೆ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಬಂದೂಕಿನ ಸೀಸನ್ ಹೆಚ್ಚುಕಡಿಮೆ ಒಂದು ವಾರದಲ್ಲಿ ಮುಗಿದುಹೋಗುತ್ತದೆ. ಬಿಲ್ಲಿನ ಸೀಸನ್ ಸೆಪ್ಟೆಂಬರ್ ಕೊನೆಗೆ ಶುರುವಾದರೆ ಫೆಬ್ರವರಿಯವರೆಗೆ ನಡೆಯುತ್ತದೆ. ಆಫೀಸಿಗೆ ಹೋಗುವ ನಮ್ಮಂಥವರಿಗೆ ಕ್ರಾಸ್‌ಬೋ ಒಗ್ಗುವುದು ಇದಕ್ಕೇ. ಕಾಂಪೌಂಡ್ ಬಿಲ್ಲಿನಂತೆ ಅದನ್ನು ಎಳೆದು ಹಿಡಿದುಕೊಂಡು ಕಾಯಬೇಕಿಲ್ಲ. ಒಮ್ಮೆ ಹೆದೆ ಏರಿಸಿ ಲಾಕ್ ಮಾಡಿದರೆ ಬಂದೂಕಿನಂತೆ ಭುಜಕ್ಕೊತ್ತಿ, ಸ್ಕೋಪಿನಲ್ಲಿ ನೋಡಿ ಬಿಡಬಹುದು.

ವೇಗದ ವಿಷಯಕ್ಕೆ ಬರೋಣ. ಶಬ್ದ ಸೆಕೆಂಡಿಗೆ ಸುಮಾರು 1,100 ಅಡಿ ಹೋಗುತ್ತದೆ. 30 ಗಜದಾಚೆ ನಿಂತ ಜಿಂಕೆಗೆ ಹೆದೆಯ ಸದ್ದು ಮುಟ್ಟಲು 0.08 ಸೆಕೆಂಡು ಸಾಕು. 400 ಅಡಿ ವೇಗದ ಬಾಣ ಮುಟ್ಟಲು 0.22 ಸೆಕೆಂಡಿಗಿಂತ ಹೆಚ್ಚು ಬೇಕು, 350 ಅಡಿಯದಕ್ಕೆ 0.26ರ ಹತ್ತಿರ. ಅಂದರೆ ಯಾವ ಬಿಲ್ಲು ತಂದರೂ ಸದ್ದೇ ಮೊದಲು ಹೋಗುತ್ತದೆ. ಸದ್ದು ಕೇಳಿದ ಜಿಂಕೆ ಓಡುವುದಕ್ಕೆಂದು ಮೈ ತಗ್ಗಿಸುತ್ತದೆ, ಅಷ್ಟರಲ್ಲಿ ಬಾಣ ಬೀಳುವ ಜಾಗ ಬದಲಾಗಿರುತ್ತದೆ. ಸೆಕೆಂಡಿನ ನೂರರಲ್ಲಿ ಮೂರು ಭಾಗ ಉಳಿಸಲು ಸಾವಿರ ಡಾಲರ್ ಹೆಚ್ಚು ಕೊಟ್ಟು, ಹೆಚ್ಚು ಸದ್ದಿನ, ಹೆಚ್ಚು ಭಾರದ ಬಿಲ್ಲನ್ನು ಯಾಕೆ ಹೊರಬೇಕು? ಇದನ್ನೇ ಕಾಗದದ ಮೇಲೆ ಬರೆದು ಷಡ್ಡಕನಿಗೆ ತೋರಿಸಿದೆ. "ಅಣ್ಣಾ, ನೀವು ವೀಡಿಯೊ ನೋಡಿಲ್ಲ" ಅಂದ.

ಅವನು ಆರಿಸಿದ ಬಿಲ್ಲು ಹಿಡಿದು ನಾನು ಬೇಟೆಗೆ ಕೂತ ಸಂಜೆಯ ಮಾತು ಹೇಳದಿದ್ದರೆ ಇದೆಲ್ಲ ಅರ್ಥವಾಗುವುದಿಲ್ಲ. ನವೆಂಬರ್ ಮಧ್ಯ, ಹಾಕಿಂಗ್ ಕೌಂಟಿಯ ಗುಡ್ಡಗಾಡು. ಸಹೋದ್ಯೋಗಿಯೊಬ್ಬರ ಮಾವನ ಜಮೀನು. ಬಿಳಿ ಓಕ್ ಮರದ ಕಾಯಿ ಉದುರಿದ ಇಳಿಜಾರಿನಲ್ಲಿ ಅಟ್ಟಣಿಗೆ ಕಟ್ಟಿ ಮರಸು ಕೂತಿದ್ದೆ. ಷಡ್ಡಕ ಅರ್ಧ ಮೈಲಿ ಆಚೆ ಇನ್ನೊಂದು ಮರದಲ್ಲಿದ್ದ. ಬೆಳಕು ಇನ್ನೇನು ಹೋಗುತ್ತದೆ ಅನ್ನುವಾಗ ಒಂದು ಹೆಣ್ಣು ಜಿಂಕೆ ಎಲೆ ಸರಸರ ಮಾಡುತ್ತ ಬಂತು. ರೇಂಜ್‌ಫೈಂಡರ್ 30 ಗಜ ತೋರಿಸಿತು. ಜಿಂಕೆ ಅಡ್ಡಲಾಗಿ ನಿಂತು ತಲೆ ತಗ್ಗಿಸಿ ಕಾಯಿ ಹುಡುಕುತ್ತಿತ್ತು. ಬಿಲ್ಲಿನ ರೆಕ್ಕೆ ಮರಕ್ಕೆ ತಾಗುವುದಿಲ್ಲ, ಹೆಬ್ಬೆರಳು ಹೆದೆಯ ದಾರಿಗಿಂತ ಕೆಳಗಿದೆ ಎಂದು ಖಾತ್ರಿ ಮಾಡಿಕೊಂಡೆ. ಮುಂಗಾಲಿನ ಹಿಂದೆ ಗುರಿ ಹಿಡಿದು ಬಿಟ್ಟೆ.

ಆ ಬಿಲ್ಲಿನ ಸದ್ದು ಕಣಿವೆಯಲ್ಲೆಲ್ಲ ಕೇಳಿರಬೇಕು. ಜಿಂಕೆ ತಗ್ಗಿ ಮುಂದಕ್ಕೆ ನೆಗೆಯಿತು. ಬಾಣದ ಹಿಂತುದಿಯ ಕೆಂಪು ದೀಪ ನಾನು ಇಟ್ಟ ಗುರಿಗಿಂತ ಹಿಂದೆ ಮಿಂಚಿ, ಮೈ ದಾಟಿ ನೆಲ ಕಚ್ಚಿತು. ಜಿಂಕೆ ಬೆನ್ನು ಗೂನು ಮಾಡಿಕೊಂಡು ಸ್ವಲ್ಪ ದೂರ ಓಡಿ, ಆಮೇಲೆ ನಡೆಯತೊಡಗಿತು. ಗೂನು ಬೆನ್ನು, ನಿಧಾನ ನಡಿಗೆ ಎರಡೂ ಸೇರಿದರೆ ಅರ್ಥ ಒಂದೇ: ಏಟು ಶ್ವಾಸಕೋಶದ ಹಿಂದೆ ಬಿದ್ದಿದೆ. ಇಳಿದು ಬಾಣ ಎತ್ತಿ ನೋಡಿದೆ. ನೆತ್ತರು ಕಪ್ಪುಗೆಂಪಾಗಿತ್ತು, ನೊರೆ ಇರಲಿಲ್ಲ. ನೊರೆ ಬೆರೆತ ತಿಳಿಗೆಂಪು ಶ್ವಾಸಕೋಶದ್ದು, ಕಪ್ಪುಗೆಂಪು ಪಿತ್ತಜನಕಾಂಗದ್ದು. ಹಸಿರು ಮೆತ್ತಿ ನಾತ ಹೊಡೆದರೆ ಹೊಟ್ಟೆಯದು. ಪಿತ್ತಜನಕಾಂಗಕ್ಕೆ ಬಿದ್ದ ಜಿಂಕೆ ಸಾಯುವುದು ಖಚಿತ, ಆದರೆ ಅದಕ್ಕೆ ಹೊತ್ತು ಕೊಡಬೇಕು. ನಾಲ್ಕೈದು ಗಂಟೆ ಯಾರೂ ಅದರ ಹಿಂದೆ ಹೋಗಬಾರದು. ಬಿಟ್ಟರೆ ಅದು ಹತ್ತಿರದಲ್ಲೇ ಮಲಗಿ ಅಲ್ಲೇ ಸಾಯುತ್ತದೆ. ಅಟ್ಟಿದರೆ ಎದ್ದು ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ.

ಇಷ್ಟನ್ನೂ ಷಡ್ಡಕನಿಗೆ ಫೋನಿನಲ್ಲಿ ಹೇಳಿದೆ. ಟಾರ್ಚ್ ಹಿಡಿದು ಬಂದೇಬಿಟ್ಟ. "ಅಣ್ಣಾ, ಹಸಿ ನೆತ್ತರು ಕಾಣ್ತಾ ಇದೆ, ಈಗಲೇ ಹೋಗೋಣ. ಕಾಯೋಟಿ ಬಂದ್ರೆ ಮೂಳೆಯೂ ಸಿಗಲ್ಲ." ಕಾಯೋಟಿ ಅಂದರೆ ಇಲ್ಲಿನ ತೋಳದ ಜಾತಿಯ ಪ್ರಾಣಿ. ಬೇಡ ಮಾರಾಯಾ, ಟ್ರಕ್ಕಿನಲ್ಲಿ ಕೂತು ಕಾಫಿ ಕುಡಿ ಅಂದೆ. ಹೂಂ ಅಂದ. ನಾನು ಏಣಿಯ ಹತ್ತಿರ ಬೆಲ್ಟು, ಹಗ್ಗ ಬಿಚ್ಚಿಕೊಳ್ಳುತ್ತಿದ್ದೆ. ತಲೆ ಎತ್ತಿದರೆ ಅವನ ಟಾರ್ಚಿನ ಬೆಳಕು ಇಳಿಜಾರಿನಲ್ಲಿ ಆಗಲೇ ಎಷ್ಟೋ ಕೆಳಗೆ ಅಲುಗಾಡುತ್ತಿತ್ತು. ಕೂಗಿದೆ. ಅದೇ ಹೊತ್ತಿಗೆ ಪೊದೆಯಲ್ಲಿ ದಡಬಡ ಸದ್ದಾಯಿತು. ಕೊಂಬೆ ಮುರಿದವು, ಬಿಳಿ ಬಾಲ ಒಂದು ಸಲ ಬೆಳಕಿಗೆ ಸಿಕ್ಕಿತು, ಬೇಲಿಯ ತಂತಿ ಝಣ್ ಅಂದಿತು. ಆಮೇಲೆ ಏನೂ ಇಲ್ಲ. "ಅಣ್ಣಾ, ಇಲ್ಲೇ ಮಲಗಿತ್ತು" ಎಂದು ಅವನು ಕೂಗಿ ಹೇಳಿದ, ಏನೋ ಕಂಡುಹಿಡಿದವನ ಹಾಗೆ.

ಹೋಗಿ ನೋಡಿದೆ. ಒಣಗಿದ ಎಲೆಯ ಮೇಲೆ ಜಿಂಕೆ ಮಲಗಿದ್ದ ಗುರುತು ತೊಟ್ಟಿಲಿನಷ್ಟು ಅಗಲ ಒತ್ತಿತ್ತು. ನಡುವೆ ನೆತ್ತರು ಮಡುಗಟ್ಟಿತ್ತು, ಅಂಚಿನಲ್ಲಿ ಕಂದು ಕೂದಲು ಅಂಟಿತ್ತು. ಕೈಯಿಟ್ಟರೆ ಎಲೆ ಇನ್ನೂ ಬೆಚ್ಚಗಿತ್ತು. ನಾನು ಕೂತಿದ್ದ ಮರ ಅಲ್ಲಿಂದ ಕಾಣುತ್ತಿತ್ತು.

ಬೇಲಿಯಾಚೆ ಬೇರೆಯವರ ಜಮೀನು. ಗಾಯಗೊಂಡ ಜಿಂಕೆ ನಿಮ್ಮದೇ ಇರಲಿ, ಜಮೀನಿನವರು ಒಪ್ಪದೆ ಕಾಲಿಡುವಂತಿಲ್ಲ. ಮನೆ ಹುಡುಕಿಕೊಂಡು ಹೋಗಿ ಬಾಗಿಲು ತಟ್ಟಿದೆವು. ನಾಯಿ ಬೊಗಳಿತು, ವರಾಂಡದ ದೀಪ ಹತ್ತಿತು, ಮುದುಕರೊಬ್ಬರು ಬಾಗಿಲನ್ನು ಅರ್ಧ ಮಾತ್ರ ತೆರೆದರು. ರಾತ್ರಿ ಹೊತ್ತು ನನ್ನ ಕಾಡಿಗೆ ಯಾರೂ ಬೇಡ ಅಂದರು. ವನ್ಯಜೀವಿ ಇಲಾಖೆಯ ಅಧಿಕಾರಿಗೆ ಫೋನ್ ಮಾಡಿದೆ. ಬಹಳ ಮರ್ಯಾದೆಯಿಂದ, ಒಪ್ಪಿಗೆ ಕೊಡಿಸುವ ಅಧಿಕಾರ ನಮಗಿಲ್ಲ ಎಂದು ತಿಳಿಸಿದರು. ಜಿಂಕೆಯನ್ನು ಹಾಳುಮಾಡಬೇಡಿ ಎಂದು ನಿಯಮದ ಪುಸ್ತಕದ ತುಂಬ ಉಪದೇಶ ಬರೆಯುವ ಇಲಾಖೆಗೆ ಒಂದು ಬಾಗಿಲು ತೆರೆಸಲು ಆಗಲಿಲ್ಲ. ರಾತ್ರಿಯೆಲ್ಲ ಟ್ರಕ್ಕಿನಲ್ಲಿ ಕೂತೆವು. ಷಡ್ಡಕ ಗೊರಕೆ ಹೊಡೆದ. ಕಾಯೋಟಿಗಳು ಗುಡ್ಡದಾಚೆ ಊಳಿಡುವಾಗಲೆಲ್ಲ ನಾನು ಗಾಜು ಇಳಿಸಿ ಕೇಳುತ್ತಿದ್ದೆ.

ಬೆಳಗ್ಗೆ ಮುದುಕರ ಮನಸ್ಸು ಕರಗಿ ಚೀಟಿಗೆ ಸಹಿ ಹಾಕಿಕೊಟ್ಟರು. ತೊರೆಯ ಪಕ್ಕದಲ್ಲಿ ಜಿಂಕೆ ಸಿಕ್ಕಿತು. ಮೈಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಹಿಂದಿನ ಒಂದು ತೊಡೆ ಕಾಯೋಟಿಗಳ ಪಾಲಾಗಿತ್ತು. ಚಳಿಯ ಪುಣ್ಯಕ್ಕೆ ಉಳಿದ ಮಾಂಸ ಕೆಟ್ಟಿರಲಿಲ್ಲ. ಹೊಡೆದ ಮರುದಿನ ಮಧ್ಯಾಹ್ನ 12ರೊಳಗೆ ಜಿಂಕೆಯನ್ನು ದಾಖಲಿಸಬೇಕು. ಅಲ್ಲೇ ನಿಂತು ಮೊಬೈಲಿನಲ್ಲಿ ದಾಖಲಿಸಿದೆ.

ಇನ್ನು ಕೊಳ್ಳುವವರಿಗೆ ನಾಲ್ಕು ಮಾತು. 330ರಿಂದ 360 ಅಡಿ ವೇಗ ಧಾರಾಳವಾಗಿ ಸಾಕು. ಹೆಚ್ಚಿನ ವೇಗಕ್ಕೆ ಕೊಡುವ ದುಡ್ಡು ಉಳಿಸಿ ಒಳ್ಳೆಯ ಟ್ರಿಗರ್, ಸದ್ದು ತಗ್ಗಿಸುವ ಸಲಕರಣೆ, ಬೀಳದಂತೆ ಮೈಗೆ ಕಟ್ಟುವ ಹಾರ್ನೆಸ್ ಕೊಳ್ಳಿ. ಭುಜಕ್ಕೆ ಹಿಡಿದು ನೋಡಿ; ಮುಂದಕ್ಕೆ ತೂಗುವ ಬಿಲ್ಲಾದರೆ ಕೈ ಸೋಲುತ್ತದೆ. ಹೆದೆ ಏರಿಸುವ ಹಗ್ಗ 175 ಪೌಂಡಿನ ಎಳೆತವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಬೆನ್ನು ನೋವಿದ್ದರೆ ಕ್ರ್ಯಾಂಕ್ ಇರುವುದನ್ನೇ ತೆಗೆದುಕೊಳ್ಳಿ. ಎರಡೂ ಕಡೆ ಸಮ ಎಳೆಯದಿದ್ದರೆ ಬಾಣ ಪಕ್ಕಕ್ಕೆ ವಾಲುತ್ತದೆ, ಆದ್ದರಿಂದ ಹೆದೆ ಬಾಣ ಕೂರುವ ರೈಲಿಗೆ ತಾಗುವ ಕಡೆ ಎರಡೂ ಬದಿ ಮಾರ್ಕರಿನಲ್ಲಿ ಗೆರೆ ಎಳೆದುಕೊಳ್ಳಿ. ಬಾಣ ಹೆದೆಗೆ ಪೂರ್ತಿ ತಾಗಿರಬೇಕು. ಬಾಣವಿಲ್ಲದೆ ಬಿಟ್ಟರೆ ಬಿಲ್ಲಿನ ರೆಕ್ಕೆಯೇ ಸೀಳಬಹುದು. ತಯಾರಕರು ಹೇಳಿದ ತೂಕದ, ಹೇಳಿದ ನಾಕಿನ (ಹೆದೆಗೆ ಕೂರುವ ಹಿಂತುದಿಯ) ಬಾಣವನ್ನೇ ಹಾಕಿ. ಅಭ್ಯಾಸದ ಮೊನೆಯಲ್ಲಿ ಗುರಿ ಸರಿ ಬಂತೆಂದು ನಂಬಿ ಕೂರಬೇಡಿ, ಬೇಟೆಯ ಬ್ಲೇಡ್ ಹಾಕಿ ಇನ್ನೊಮ್ಮೆ ಹೊಡೆದು ನೋಡಿ. ಬಿಲ್ಲನ್ನು ಹಿಡಿದುಕೊಂಡು ಏಣಿ ಹತ್ತಬೇಡಿ. ಬಾಣ ಹೂಡದೆ ಹಗ್ಗದಲ್ಲಿ ಮೇಲಕ್ಕೆ ಎಳೆದುಕೊಳ್ಳಿ. ಪಕ್ಕದ ಜಮೀನಿನವರ ಪರಿಚಯವನ್ನು ಸೀಸನ್ ಶುರುವಾಗುವ ಮುಂಚೆಯೇ ಮಾಡಿಕೊಳ್ಳಿ, ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ.

ಮತ್ತೆ, ಜೊತೆಗೆ ಕರೆದೊಯ್ಯುವವನಿಗೆ ಗಡಿಯಾರ ನೋಡುತ್ತ ಸುಮ್ಮನೆ ಕೂರಲು ಬರುತ್ತದೆಯೇ ಎಂದು ವಿಚಾರಿಸಿ. ನನ್ನ ಷಡ್ಡಕ ಈಗಲೂ ನೆಂಟರ ಮುಂದೆ "ಅಣ್ಣನ ಈಡು ಸ್ವಲ್ಪ ಹಿಂದೆ ಬಿತ್ತು" ಎಂದು ನಗುತ್ತಾನೆ. ಎಲೆಯ ಮೇಲಿನ ಆ ಗುರುತಿನ ಫೋಟೋ ನನ್ನ ಮೊಬೈಲಿನಲ್ಲಿದೆ, ಕೇಳಿದವರಿಗೆಲ್ಲ ತೋರಿಸುತ್ತೇನೆ. ಮಾಂಸ ಪಾಲು ಮಾಡುವ ದಿನ ಮಾತ್ರ ಅವನು ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಅರ್ಧ ದುಡ್ಡು ಅವನದೂ ಇತ್ತಲ್ಲ, ಅರ್ಧ ಪಾಲೇ ಕೊಟ್ಟೆ. ಕಾಯೋಟಿ ತಿಂದ ತೊಡೆಯನ್ನು ಅವನ ಲೆಕ್ಕಕ್ಕೆ ಬರೆದೆ.