ಎಣ್ಣೆ ನೀರುಗಳ ನಂಟು

ಒಬ್ಬರಿಗೊಬ್ಬರು ಆಗದವರನ್ನು ಕಂಡರೆ 'ಎಣ್ಣೆ ಸೀಗೆಕಾಯಿ' ಎನ್ನುವುದು ನಮ್ಮಲ್ಲಿ ರೂಢಿ. ಆದರೆ ಅಭ್ಯಂಜನದ ದಿನ ನಡೆಯುವುದನ್ನು ಗಮನಿಸಿರಿ. ತಲೆಗೆ ಹಚ್ಚಿದ ಎಣ್ಣೆಯನ್ನು ಬರಿಯ ನೀರು ತೊಳೆಯಲಾರದು. ಸೀಗೆಪುಡಿ ಸೇರಿದೊಡನೆ ಎಣ್ಣೆಯು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನೊಡನೆ ಹರಿದುಹೋಗುತ್ತದೆ. ಹೀಗೆ ಒಂದು ದ್ರವದ ಹನಿಗಳು ತನ್ನೊಡನೆ ಕರಗದ ಇನ್ನೊಂದು ದ್ರವದಲ್ಲಿ ಹರಡಿ ನಿಂತ ಸ್ಥಿತಿಗೆ ಎಮಲ್ಷನ್ ಎಂದೂ, ಅದನ್ನು ನಿಲ್ಲಿಸುವ ವಸ್ತುವಿಗೆ ಎಮಲ್ಷನ್‌ಕಾರಿ ಎಂದೂ ಹೆಸರು.

ಪ್ರಕೃತಿಯಲ್ಲಿ ದೊರೆಯುವ ಇಂತಹ ವಸ್ತುಗಳಲ್ಲಿ ಮುಖ್ಯವಾದುದು ಲೆಸಿಥಿನ್. ಇದು ಮೇಣದಂತಿರುವ, ಹಳದಿ ಮಿಶ್ರಿತ ಕಂದುಬಣ್ಣದ ಜಿಡ್ಡು ಪದಾರ್ಥ. ಫ್ರಾನ್ಸಿನ ಔಷಧ ವಿಜ್ಞಾನಿ ಥಿಯೋಡೋರ್ ಗಾಬ್ಲಿ 1846ರಲ್ಲಿ ಇದನ್ನು ಮೊಟ್ಟೆಯ ಹಳದಿ ಭಾಗದಿಂದ ಬೇರ್ಪಡಿಸಿದನು. ಗ್ರೀಕ್ ಭಾಷೆಯಲ್ಲಿ ಆ ಭಾಗಕ್ಕೆ 'ಲೆಕಿಥೋಸ್' ಎನ್ನುವುದರಿಂದ, 1850ರಲ್ಲಿ ಈ ಹೆಸರನ್ನಿಟ್ಟನು. ಲೆಸಿಥಿನ್ ಅಣುವಿಗೆ ಒಂದು ತಲೆ, ಎರಡು ಬಾಲಗಳಿವೆಯೆಂದು ಭಾವಿಸಬಹುದು. ರಂಜಕವುಳ್ಳ ತಲೆಗೆ ನೀರಿನ ಒಲವು; ಮೇದಾಮ್ಲಗಳಿಂದಾದ ಬಾಲಗಳಿಗೆ ಎಣ್ಣೆಯ ಒಲವು. ಆದುದರಿಂದ ಅದು ಎರಡರ ಗಡಿಯಲ್ಲಿ ನಿಂತು ಎರಡನ್ನೂ ಹಿಡಿದುಕೊಳ್ಳುತ್ತದೆ.

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಬೆಳಗಿನ ಹೊತ್ತು ನಡೆದರೆ, ಕಾವಲಿಯ ಮೇಲೆ ಬೆಣ್ಣೆ ದೋಸೆ ಚುರುಗುಟ್ಟುವ ಸದ್ದು ಕೇಳಬಹುದು. ಆ ಸದ್ದಿಗೆ ಕಾರಣ ಬೆಣ್ಣೆಯೊಳಗಿನ ನೀರು. ಬೆಣ್ಣೆಯಲ್ಲಿ ಸುಮಾರು ನೂರಕ್ಕೆ 80 ಪಾಲು ಕೊಬ್ಬು, 16 ಪಾಲು ನೀರು ಇರುತ್ತದೆ. ಹಾಲು ಇದಕ್ಕೆ ವಿರುದ್ಧ. ಅಲ್ಲಿ ನೀರಿನ ನಡುವೆ ಕೊಬ್ಬಿನ ಹನಿಗಳಿರುತ್ತವೆ. ಪ್ರತಿಯೊಂದು ಹನಿಯನ್ನೂ ಲೆಸಿಥಿನ್ ಮುಂತಾದವುಗಳಿಂದಾದ ತೆಳುಪೊರೆ ಸುತ್ತುವರಿದು, ಹನಿಗಳು ಒಂದಾಗದಂತೆ ಕಾಯುತ್ತದೆ. ಕಡೆಗೋಲಿನ ಹೊಡೆತಕ್ಕೆ ಈ ಪೊರೆ ಹರಿದಾಗ ಹನಿಗಳು ಕೂಡಿಕೊಂಡು ಬೆಣ್ಣೆಯಾಗುತ್ತವೆ. ಹರಿದ ಪೊರೆಯ ಬಹುಭಾಗ ಮಜ್ಜಿಗೆಯಲ್ಲಿ ಉಳಿಯುತ್ತದೆ.

ಇಂದು ಲೆಸಿಥಿನ್ ಹೆಚ್ಚಾಗಿ ಸೋಯಾ ಎಣ್ಣೆಯನ್ನು ಶುದ್ಧಿಮಾಡುವಾಗ ದೊರೆಯುತ್ತದೆ. ಚಾಕೊಲೇಟು, ಬಿಸ್ಕತ್ತು, ಮುಖಲೇಪನ, ಮಾತ್ರೆ ಇವುಗಳ ತಯಾರಿಕೆಯಲ್ಲಿ ಅದಕ್ಕೆ ಸ್ಥಾನವಿದೆ. ಪೊಟ್ಟಣದ ಮೇಲೆ 322 ಎಂಬ ಅಂಕಿಯನ್ನು ಕಂಡರೆ ಅದು ಲೆಸಿಥಿನ್ ಎಂದು ತಿಳಿಯಿರಿ.

ಇವೆಲ್ಲಕ್ಕಿಂತ ಹಿರಿದಾದ ಕೆಲಸವೊಂದನ್ನು ಲೆಸಿಥಿನ್ ನಮ್ಮ ದೇಹದೊಳಗೇ ಮಾಡುತ್ತಿದೆ. ಶ್ವಾಸಕೋಶದ ವಾಯುಕೋಶಗಳ ಒಳಮೈಯಲ್ಲಿ ನೀರಿನ ತೆಳುವಾದ ಪದರವಿದೆ. ನೀರಿನ ಮೇಲ್ಮೈ ಸೆಳೆತ ಪ್ರಬಲವಾದುದು. ಅದನ್ನು ಸಡಿಲಿಸದಿದ್ದರೆ, ಉಸಿರು ಹೊರಬಿಟ್ಟಾಗ ವಾಯುಕೋಶಗಳು ಮುದುಡಿ ಅಂಟಿಕೊಳ್ಳುತ್ತವೆ. ಸಡಿಲಿಸುವ ಲೇಪದ ಮುಖ್ಯಾಂಶವೇ ಒಂದು ಬಗೆಯ ಲೆಸಿಥಿನ್. ಗರ್ಭದಲ್ಲಿ ಈ ಲೇಪವು ಸಾಕಷ್ಟು ಸಿದ್ಧವಾಗುವುದು ಸುಮಾರು 35ನೆಯ ವಾರದ ಹೊತ್ತಿಗೆ. ಅದಕ್ಕೆ ಬಹಳ ಮುಂಚೆಯೇ ಹುಟ್ಟಿದ ಶಿಶುವಿಗೆ ಒಂದೊಂದು ಉಸಿರೂ ಹೋರಾಟವಾಗುತ್ತದೆ.

ಈ ಲೇಪದ ಕೊರತೆಯೇ ಅಂತಹ ಶಿಶುಗಳ ಸಾವಿಗೆ ಕಾರಣವೆಂದು ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ 1959ರಲ್ಲಿ ತೋರಿಸಿಕೊಟ್ಟರು. ಕಾರಣ ತಿಳಿದರೂ ಮದ್ದು ದೊರೆತಿರಲಿಲ್ಲ. 1963ರ ಆಗಸ್ಟಿನಲ್ಲಿ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್, ದಿನ ತುಂಬುವ ಮೊದಲೇ ಹುಟ್ಟಿ, ಎರಡೇ ದಿನಗಳಲ್ಲಿ ಇದೇ ರೋಗದಿಂದ ತೀರಿಕೊಂಡನು. ಒಂದು ಮಹಾರಾಷ್ಟ್ರದ ಅಧಿಪತಿಯ ಅಧಿಕಾರವೂ ಅವನಿಗೆ ಉಸಿರನ್ನು ಕೊಡಿಸಲಾರದೆ ಹೋಯಿತು. 1980ರಲ್ಲಿ ಜಪಾನಿನ ವೈದ್ಯ ತೆತ್ಸುರೊ ಫುಜಿವಾರಾ, ಹಸುವಿನ ಶ್ವಾಸಕೋಶದಿಂದ ಪಡೆದ ಲೇಪದ್ರವ್ಯವನ್ನು ಹತ್ತು ಶಿಶುಗಳ ಶ್ವಾಸನಾಳಕ್ಕೆ ಹಾಕಿ, ಅವುಗಳ ಉಸಿರಾಟವು ಸುಧಾರಿಸಿದುದನ್ನು ವರದಿಮಾಡಿದರು.

ಈಗ ಈ ಚಿಕಿತ್ಸೆ ನಮ್ಮ ದೇಶದ ಆಸ್ಪತ್ರೆಗಳಿಗೂ ಬಂದಿದೆ. ಆದರೆ ಅದರ ಬೆಲೆ ದುಬಾರಿ. ಬಡ ತಾಯಿಯ ಕೂಸಿಗೂ ಅದು ಸಕಾಲದಲ್ಲಿ ದೊರೆಯುವಂತೆ ಮಾಡುವುದು ಮುಂದಿನವರ ಪಾಲಿನ ಕೆಲಸ. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಇಂತಹ ಕಾಲೇಜುಗಳಲ್ಲಿ ನಾಳೆ ಕಲಿಯಲಿರುವವರು ಇಂದು ನಿಮ್ಮ ತರಗತಿಯಲ್ಲಿಯೇ ಕುಳಿತಿರಬಹುದು.

ಅಭ್ಯಾಸ

1. ಲೆಸಿಥಿನ್ ಅಣುವು ಎಣ್ಣೆ ನೀರುಗಳೆರಡನ್ನೂ ಹಿಡಿದುಕೊಳ್ಳುವುದು ಹೇಗೆ?
2. ಹಾಲಿಗೂ ಬೆಣ್ಣೆಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
3. ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುವಿಗೆ ಉಸಿರಾಟ ಕಷ್ಟವಾಗುವುದೇಕೆ?